ರೆಂಬ್ರಾಂಟ್‌ನ ‘ಮೂರು ಮರಗಳು’: ಮೊದಲು ಮರ ನೋಡಬೇಕಾ, ಅರ್ಥ ನೋಡಬೇಕಾ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಜಗಲಿಯಲ್ಲಿ ಒಂದು ಚಿತ್ರ ಇದೆ. ಮಗಳು ಕೆಲಸದ ಮೇಲೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿದ್ದಳು. ಅಲ್ಲಿಯ ಮ್ಯೂಸಿಯಂ ಅಂಗಡಿಯಿಂದ ತಂದುಕೊಟ್ಟಳು. ಹಾಲೆಂಡ್‌ನ ಚಿತ್ರಕಾರ ರೆಂಬ್ರಾಂಟ್ 1643ರಲ್ಲಿ ಮಾಡಿದ ‘ಮೂರು ಮರಗಳು’ ಅನ್ನುವ ಎಚಿಂಗ್‌ನ ಪ್ರತಿ. ಎಚಿಂಗ್ ಅಂದರೆ ತಾಮ್ರದ ತಗಡಿನಲ್ಲಿ ಆ್ಯಸಿಡ್‌ನಿಂದ ಗೆರೆ ಕೊರೆದು ಕಾಗದಕ್ಕೆ ಮುದ್ರಿಸುವ ಚಿತ್ರ. ಅಸಲಿ ಅಲ್ಲ. ಆದರೆ ಅಸಲಿಯ ಅಳತೆಯಲ್ಲೇ ಮುದ್ರಿಸಿದ್ದು. ಅಗಲ ಸುಮಾರು 28 ಸೆಂಟಿಮೀಟರ್, ಎತ್ತರ 21. ಒಂದು ನೋಟ್‌ಬುಕ್ ಬಿಚ್ಚಿ ಇಟ್ಟಷ್ಟೂ ಇಲ್ಲ. ಅವನು ಮಾಡಿದ ನಿಸರ್ಗದ ಎಚಿಂಗ್‌ಗಳಲ್ಲಿ ಇದೇ ದೊಡ್ಡದಂತೆ.

ನೋಡದವರಿಗಾಗಿ ಹೇಳುತ್ತೇನೆ. ಬಲಗಡೆ ಒಂದು ದಿಬ್ಬ. ದಿಬ್ಬದ ಮೇಲೆ ಮೂರು ಮರ, ಒಂದರ ಪಕ್ಕ ಒಂದು, ಕಪ್ಪಗೆ. ಎಡಗಡೆ ಪೂರ್ತಿ ಬಯಲು, ದೂರದ ಅಂಚಿನಲ್ಲಿ ಒಂದು ಊರಿನ ಗೋಪುರಗಳು. ಅದು ಆಮ್‌ಸ್ಟರ್‌ಡ್ಯಾಮ್ ಅನ್ನುತ್ತಾರೆ. ಮೇಲೆ ಮೋಡ. ಎಡಗಡೆ ಮೇಲ್ತುದಿಯಲ್ಲಿ ಓರೆಯಾಗಿ ಬೀಳುವ ಮಳೆ.

ಚಿತ್ರದ ಎದುರಿಗೇ ನಮ್ಮ ಕಿಟಕಿ. ಕಿಟಕಿಯಿಂದ ಕಡಲ ದಂಡೆಯ ಗಾಳಿಮರಗಳು ಕಾಣುತ್ತವೆ. ಜೂನ್ ಬಂತೆಂದರೆ ಎರಡೂ ಕಡೆ ಒಂದೇ ಮಳೆ. ನಾನು ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ನೋಡುವುದು ಇದನ್ನೇ.

ಹೋದ ವಾರ ಮನೆಗೆ ಬಂದ ಸ್ನೇಹಿತರೊಬ್ಬರು ಹೇಳಿದರು, “ಇದು ಮರ ಅಲ್ಲ, ಮೂರು ಶಿಲುಬೆ. ಯೇಸು ಮತ್ತು ಇಬ್ಬರು ಕಳ್ಳರು.” ಅವರು ಓದಿಕೊಂಡವರು. ತಪ್ಪು ಹೇಳಿದರು ಅಂತ ನಾನು ಅನ್ನುವುದಿಲ್ಲ. ಆದರೆ ಅಂದಿನಿಂದ ನನಗೆ ಮರ ಕಾಣುತ್ತಿಲ್ಲ. ಕಣ್ಣು ಹಾಯಿಸಿದ ಕೂಡಲೇ ಶಿಲುಬೆ ನೆನಪಾಗಿ ನೋಟ ಅಲ್ಲೇ ನಿಂತುಬಿಡುತ್ತದೆ. ಇದು ನನಗೆ ನಿಜವಾಗಿ ಬೇಜಾರಾದ ಸಂಗತಿ. ಮೂರು ವರ್ಷ ನೋಡಿದ ಮರಗಳು.

ಕಲೆ ಗೊತ್ತಿರುವವರು, ಮರ ಗೊತ್ತಿರುವವರು ದಯವಿಟ್ಟು ಹೇಳಿ. ಈ ಅರ್ಥವನ್ನು ಅವನು ಇಟ್ಟಿದ್ದಾ, ನಾವು ಇಟ್ಟಿದ್ದಾ? ಇನ್ನೊಂದು ಚಿಕ್ಕ ಪ್ರಶ್ನೆ. ಅಲ್ಲಿ ಮಳೆ ಬರುತ್ತಿದೆಯಾ, ಹೋಗುತ್ತಿದೆಯಾ?

ಹೊನ್ನಾವರ ಬಂದರು

ಕಾಳಿದಂಡೆ ಸರ್, ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಹುರುಳಿದೆ. ನಾವು ಇಗರ್ಜಿಗೆ ಹೋಗುವ ಮನೆತನದವರು. ಶುಭ ಶುಕ್ರವಾರದ ದಿನ ದಿಬ್ಬದ ಮೇಲೆ ಮೂರು ಶಿಲುಬೆ ನಿಂತಿರುವ ಚಿತ್ರ ಚಿಕ್ಕಂದಿನಿಂದ ಕಣ್ಣಲ್ಲಿ ಕೂತಿದೆ. ದಿಬ್ಬ, ಮೂರು, ಕಪ್ಪಾದ ಆಕಾಶ, ಒಂದು ಪಕ್ಕ ಬೆಳಕು. ಇಷ್ಟು ಒಟ್ಟಿಗೆ ಬಂದರೆ ನಮ್ಮ ಜನರಿಗೆ ಬೇರೆ ಏನೂ ಹೊಳೆಯುವುದಿಲ್ಲ. ರೆಂಬ್ರಾಂಟ್ ಬೈಬಲ್ ಕಥೆಗಳನ್ನು ಬಿಡದೆ ಚಿತ್ರಿಸಿದವನು. ಅಷ್ಟೇ ಅಲ್ಲ, ಬೈಬಲ್‌ನಲ್ಲಿ ಶಿಲುಬೆಯನ್ನೇ ‘ಮರ’ ಅಂತ ಕರೆದ ಕಡೆ ಇದೆ. ಹಾಗಾಗಿ ಮರದಲ್ಲಿ ಶಿಲುಬೆ ಕಾಣುವುದು ಹೊರಗಿನಿಂದ ಅಂಟಿಸಿದ್ದಲ್ಲ.

ನನಗೆ ಆ ಚಿತ್ರ ನೋಡಿದರೆ ಮೂರನೇ ದಿನದ ಬೆಳಗು ನೆನಪಾಗುತ್ತದೆ. ಅದು ನನ್ನ ನಂಬಿಕೆ.

ಕುಮಟಾ ಅಕ್ಕೋರು

1643 ಅಂದಿರಿ. ಅವನ ಹೆಂಡತಿ ಸಾಸ್ಕಿಯಾ ತೀರಿಹೋಗಿದ್ದು 1642ರ ಜೂನ್‌ನಲ್ಲಿ. ಮಗ ಟೈಟಸ್‌ಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ಅದಕ್ಕೂ ಮೊದಲು ಹುಟ್ಟಿದ ಮೂರು ಮಕ್ಕಳೂ ಎಳವೆಯಲ್ಲೇ ಹೋಗಿದ್ದವು. ಮರು ವರ್ಷ ಈ ಮನುಷ್ಯ ಬಯಲು, ಮಳೆ, ಮೂರು ಮರ ಬರೆಯುತ್ತಾನೆ. ನನಗೆ ಇದು ಶಿಲುಬೆಗಿಂತ ಹತ್ತಿರ ಅನ್ನಿಸುತ್ತದೆ. ಮನೆಯಲ್ಲಿ ಸಾವಾದ ಮೇಲೆ ಹೊರಗೆ ಹೋಗಿ ಸುಮ್ನೆ ನಿಲ್ಲಬೇಕು ಅನ್ನಿಸುತ್ತದೆ, ಅಲ್ವಾ?

ತಾಮ್ರದ ತಗಡು, ಶಿರಸಿ

ಕಾಳಿದಂಡೆ ಅಣ್ಣ, ನಿಮ್ಮ ಪ್ರಶ್ನೆಗೆ ನಾನು ತಗಡಿನ ಕಡೆಯಿಂದ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. ನಾನು ಶಿರಸಿ ಕಡೆಯವಳು. ಎಚಿಂಗ್ ಕಲಿತದ್ದು ಶಾಂತಿನಿಕೇತನದ ಕಲಾಭವನದಲ್ಲಿ. ಈಗ ಮನೆಯ ಹಿಂದಿನ ಕೊಟ್ಟಿಗೆಯನ್ನೇ ಕೆಲಸದ ಜಾಗ ಮಾಡಿಕೊಂಡಿದ್ದೇನೆ.

ತಾಮ್ರದ ತಗಡನ್ನು ಮೊದಲು ಚಾಕ್ ಪುಡಿ ಹಾಕಿ ಚೆನ್ನಾಗಿ ತಿಕ್ಕಬೇಕು. ಬೆರಳಿನ ಜಿಡ್ಡು ಒಂದು ಚೂರು ಉಳಿದರೂ ಅಲ್ಲಿ ಮೇಣ ಕೂರುವುದಿಲ್ಲ. ತಗಡು ಬಿಸಿ ಮಾಡಿ ಜೇನುಮೇಣ, ರಾಳ, ಡಾಂಬರಿನಂಥ ಕಪ್ಪು ಅಂಟು ಸೇರಿಸಿದ ತೆಳು ಪದರ ಹಚ್ಚುತ್ತೇವೆ. ತಗಡನ್ನು ತಲೆಕೆಳಗಾಗಿ ಹಿಡಿದು ಮೇಣದಬತ್ತಿಯ ಹೊಗೆ ಕೊಟ್ಟು ಕಪ್ಪು ಮಾಡುತ್ತೇವೆ. ಆಮೇಲೆ ಸೂಜಿ. ಸೂಜಿ ತಾಗಿದ ಕಡೆ ಕಪ್ಪಿನ ಒಳಗಿಂದ ತಾಮ್ರ ಕೆಂಪಗೆ ಮಿಂಚುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಸೂಜಿ ತಾಮ್ರವನ್ನು ಕೊರೆಯುವುದಿಲ್ಲ. ಮೇಣವನ್ನು ಸರಿಸುತ್ತದೆ ಅಷ್ಟೇ. ಅದಕ್ಕೇ ಕೈ ಹಗುರವಾಗಿ ಓಡುತ್ತದೆ, ಕಾಗದದ ಮೇಲೆ ಗೀಚಿದ ಹಾಗೆ. ಆ ಮರಗಳ ಎಲೆ ನೋಡಿ. ಒಂದೂ ಎಲೆ ಬಿಡಿಸಿಲ್ಲ. ಬರೀ ಸುರುಳಿ, ಕೊಕ್ಕೆ, ಗೀಚು. ಕೈ ನಿಂತೇ ಇಲ್ಲ. ಕಲಾವಿದನ ಕೈ ಅಷ್ಟು ಸಡಿಲವಾಗಿ ಓಡಲು ಈ ಮೇಣವೇ ಕಾರಣ.

ಕೊರೆಯುವುದು ಆ್ಯಸಿಡ್. ನಾನು ಬಳಸುವುದು ಫೆರಿಕ್ ಕ್ಲೋರೈಡ್ ದ್ರಾವಣ, ಅದು ನಿಜವಾಗಿ ಲವಣ, ಆದರೂ ಅದೇ ಕೆಲಸ ಮಾಡುತ್ತದೆ. ತಗಡನ್ನು ಅದರಲ್ಲಿ ಮುಳುಗಿಸಿದರೆ ಮೇಣ ಸರಿದ ಕಡೆಯಲ್ಲೆಲ್ಲಾ ತಾಮ್ರ ಕರಗುತ್ತದೆ. ಇಲ್ಲೇ ಇರುವುದು ನಿಜವಾದ ಜಾಣ್ಮೆ. ದೂರದ ಊರಿನ ಗೆರೆಗೆ ಐದಾರು ನಿಮಿಷ ಸಾಕು. ತಗಡು ಹೊರಗೆ ತೆಗೆದು, ತೊಳೆದು, ಒಣಗಿಸಿ, ಆ ಭಾಗಕ್ಕೆ ವಾರ್ನಿಶ್ ಬಳಿದು ಮುಚ್ಚಬೇಕು. ಮತ್ತೆ ಆ್ಯಸಿಡ್‌ಗೆ. ಬಯಲಿಗೆ ಇನ್ನು ಹದಿನೈದು ನಿಮಿಷ. ಮತ್ತೆ ಮುಚ್ಚಬೇಕು. ಕೊನೆಗೆ ಉಳಿಯುವುದು ಹತ್ತಿರದ ಮರ, ಪೊದೆ. ನನ್ನ ತಗಡುಗಳಲ್ಲಿ ಅವಕ್ಕೆ ಮುಕ್ಕಾಲು ಗಂಟೆಯೂ ಹಿಡಿದದ್ದಿದೆ. ಆಳ ಜಾಸ್ತಿ ಆದಷ್ಟೂ ಮಸಿ ಜಾಸ್ತಿ ಹಿಡಿಯುತ್ತದೆ. ಮಸಿ ಜಾಸ್ತಿ ಅಂದರೆ ಕಪ್ಪು.

ಅಂದರೆ ನಮ್ಮ ಕೆಲಸದಲ್ಲಿ ದೂರ ಅಂದರೆ ಕಡಿಮೆ ಹೊತ್ತು, ಹತ್ತಿರ ಅಂದರೆ ಜಾಸ್ತಿ ಹೊತ್ತು.

ಇಷ್ಟರಲ್ಲೇ ರೆಂಬ್ರಾಂಟ್ ತೃಪ್ತನಾಗಲಿಲ್ಲ. ಈ ಒಂದೇ ತಗಡಿನಲ್ಲಿ ಮೂರು ವಿಧಾನ ಬಳಸಿದ್ದಾನೆ. ಆ್ಯಸಿಡ್ ಕೊರೆತ ಒಂದು. ಎರಡನೆಯದು ಡ್ರೈಪಾಯಿಂಟ್. ಅಂದರೆ ಆ್ಯಸಿಡ್ ಇಲ್ಲದೆ ಗಟ್ಟಿ ಸೂಜಿಯಿಂದ ನೇರವಾಗಿ ತಾಮ್ರವನ್ನೇ ಗೀರುವುದು. ಮೂರನೆಯದು ಬ್ಯೂರಿನ್, ಅಂದರೆ ಚೂಪು ಉಳಿಯನ್ನು ತಳ್ಳಿಕೊಂಡು ಹೋಗಿ ಕೊರೆಯುವುದು. ಎಡಗಡೆಯ ಮಳೆ ಗೆರೆಗಳನ್ನು ನೋಡಿ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರ, ಗಡುಸು. ಮರದ ಗೀಚುಗಳಿಗೂ ಅವಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತವೆ. ಅದು ಬೇಕೆಂದೇ ಮಾಡಿದ್ದು. ಒಂದು ಕೈ ಜೀವ ಇರುವುದನ್ನು ಬರೆಯಿತು, ಇನ್ನೊಂದು ಕೈ ಮೇಲಿಂದ ಬೀಳುವುದನ್ನು ಬರೆಯಿತು ಅನ್ನುವ ಹಾಗೆ.

ಬಲಗಡೆಯ ಬೆಳ್ಳನೆ ಆಕಾಶ ಇದೆಯಲ್ಲ, ಅದು ಬಿಳಿ ಬಣ್ಣ ಅಲ್ಲ. ಅದು ಕಾಗದ. ಅಲ್ಲಿ ಅವನು ಕೈಯನ್ನೇ ಇಟ್ಟಿಲ್ಲ.

ಹೊನ್ನಾವರದ ಅಣ್ಣನಿಗೆ ಒಂದು ಮಾತು. ಹತ್ತು ವರ್ಷ ಆದ ಮೇಲೆ, 1653ರಲ್ಲಿ, ಇದೇ ರೆಂಬ್ರಾಂಟ್ ‘ಮೂರು ಶಿಲುಬೆಗಳು’ ಅನ್ನುವ ಡ್ರೈಪಾಯಿಂಟ್ ಮಾಡಿದ. ಇದಕ್ಕಿಂತ ಬಹಳ ದೊಡ್ಡದು. ಮೇಲಿಂದ ಬೆಳಕಿನ ಕೋಲುಗಳು ಬೀಳುತ್ತವೆ. ಕೆಳಗೆ ಜನ, ಕುದುರೆ, ಸೈನಿಕರು. ಶಿಲುಬೆ ಬೇಕಾದಾಗ ಅವನು ಶಿಲುಬೆಯನ್ನೇ ಬರೆದ. ಮುಚ್ಚಿಡಲಿಲ್ಲ. ಹಾಗಾಗಿ ಈ ಚಿತ್ರದಲ್ಲಿ ಮರ ಇದ್ದರೆ ಅದನ್ನು ಮೊದಲು ಮರ ಅಂತಲೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೊನ್ನಾವರ ಬಂದರು

ತಂಗಿ, ತುಂಬಾ ಚೆನ್ನಾಗಿ ತಿಳಿಸಿದಿರಿ. ‘ಮೂರು ಶಿಲುಬೆಗಳು’ ಈಗಷ್ಟೇ ಹುಡುಕಿ ನೋಡಿದೆ. ಮೈ ಜುಮ್ಮೆಂದಿತು. ಆದರೆ ಒಂದು ಮಾತು ಕೇಳಲೇಬೇಕು. ಹತ್ತು ವರ್ಷ ಆದ ಮೇಲೆ ಕೈಯಿಂದ ಬಂದದ್ದು ಹತ್ತು ವರ್ಷ ಮೊದಲು ಮನಸ್ಸಿನಲ್ಲಿ ಇರಲಿಲ್ಲ ಅಂತ ಹೇಗೆ ಹೇಳುವುದು?

ಉಳಿಚಾಣ, ಶಿರಸಿ

ನಮ್ಮದು ಗುಡಿಗಾರ ಮನೆತನ. ಗಂಧ, ಶಿವನಿ ಮರದಲ್ಲಿ ಕೆತ್ತನೆ. ತಾಮ್ರದ ತಗಡು ಅಕ್ಕ ಹೇಳಿದ ಮಾತಿನಲ್ಲಿ ನನಗೆ ಹಿಡಿಸಿದ್ದು ಆಳದ ವಿಷಯ. ನಮ್ಮಲ್ಲೂ ಅದೇ. ಒಂದು ಬಳ್ಳಿ ಕೆತ್ತಿದರೆ ಬಳ್ಳಿ ಎದ್ದು ಕಾಣುವುದು ಬಳ್ಳಿಯಿಂದಲ್ಲ, ಅದರ ಹಿಂದೆ ಎಷ್ಟು ಆಳ ತೆಗೆದಿದ್ದೇವೆ ಅನ್ನುವುದರಿಂದ. ಆಳ ತೆಗೆದರೆ ಅಲ್ಲಿ ನೆರಳು ನಿಲ್ಲುತ್ತದೆ. ನೆರಳು ನಿಂತರೆ ಬಳ್ಳಿ ಉಸಿರಾಡುತ್ತದೆ. ನಮ್ಮಪ್ಪ ಕಲಿಸುವಾಗ ಹೂವು ತೋರಿಸುತ್ತಿರಲಿಲ್ಲ. ಹೂವಿನ ಹಿಂದಿನ ಗುಂಡಿ ತೋರಿಸುತ್ತಿದ್ದರು.

ಡ್ರೈಪಾಯಿಂಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಅಕ್ಕ. ಲೋಹ ಗೀರಿದರೆ ಅಂಚಿನಲ್ಲಿ ಸಿಬಿರು ಏಳುತ್ತದೆ, ಅಲ್ವಾ? ಅದನ್ನು ತೆಗೆಯುತ್ತೀರಾ, ಬಿಡುತ್ತೀರಾ? ನಾವಾದರೆ ಸಿಬಿರು ತೆಗೆಯದೆ ಕೆಲಸ ಮುಗಿಯಿತು ಅನ್ನುವುದೇ ಇಲ್ಲ.

ತಾಮ್ರದ ತಗಡು, ಶಿರಸಿ

ಸರಿಯಾದ ಪ್ರಶ್ನೆ. ಬಿಡುತ್ತೇವೆ! ಡ್ರೈಪಾಯಿಂಟ್‌ನ ಜೀವವೇ ಆ ಸಿಬಿರು. ಗದ್ದೆ ಉತ್ತಾಗ ಗೆರೆಯ ಪಕ್ಕ ಮಣ್ಣು ಏರಿ ಕೂರುತ್ತದಲ್ಲ, ಹಾಗೆ ತಾಮ್ರ ಎದ್ದು ಕೂತಿರುತ್ತದೆ. ಮಸಿ ಅದರ ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ. ಮುದ್ರಿಸಿದಾಗ ಗೆರೆ ಚೂಪಾಗಿ ಬರುವುದಿಲ್ಲ. ಮಖಮಲ್ಲಿನ ಹಾಗೆ ಮೆತ್ತಗೆ ಹರಡುತ್ತದೆ. ಆದರೆ ಪ್ರೆಸ್ಸಿನ ಭಾರಕ್ಕೆ ಸಿಬಿರು ಬೇಗ ಸವೆದುಹೋಗುತ್ತದೆ. ಕೆಲವೇ ಹತ್ತು ಪ್ರತಿ ತೆಗೆಯುವಷ್ಟರಲ್ಲಿ ಆ ಮೆತ್ತನೆ ಕಪ್ಪು ಹೋಗಿ ಬರೀ ಗೆರೆ ಉಳಿಯುತ್ತದೆ. ಅದಕ್ಕೇ ಮೊದಮೊದಲ ಪ್ರತಿಗಳಿಗೆ ಅಷ್ಟು ಬೆಲೆ. ‘ಮೂರು ಶಿಲುಬೆಗಳು’ ತಗಡು ಸವೆದ ಮೇಲೆ ರೆಂಬ್ರಾಂಟ್ ಅದನ್ನು ಬಿಸಾಡಲಿಲ್ಲ. ಅದರ ಮೇಲೇ ಮತ್ತೆ ಗೀರಿ, ಜನರನ್ನು ಅಳಿಸಿ, ಇಡೀ ದೃಶ್ಯವನ್ನು ಕತ್ತಲೆಯಲ್ಲಿ ಮುಳುಗಿಸಿದ.

ಕುಮಟಾ ಅಕ್ಕೋರು

ಮಸಿ ಹಚ್ಚುವುದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡಬೇಕು ಅಂದುಕೊಂಡಾಗ ನನಗೆ ಹೊಳೆದದ್ದು ಓಲೆಗರಿ. ನಮ್ಮ ಅಜ್ಜನ ಮನೆಯಲ್ಲಿ ಕಟ್ಟು ಕಟ್ಟು ಓಲೆಗರಿ ಇತ್ತು. ಕಂಟ ಅನ್ನುವ ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಅಕ್ಷರ ಕೊರೆಯುತ್ತಾರೆ. ಆಗ ಏನೂ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಕಾಡಿಗೆ ಸವರಿ ಬಟ್ಟೆಯಿಂದ ಒರೆಸುತ್ತಾರೆ. ಮೇಲಿನದು ಹೋಗುತ್ತದೆ, ಗೀರಿನೊಳಗಿನದು ಉಳಿಯುತ್ತದೆ. ಅಕ್ಷರ ಎದ್ದು ಬರುತ್ತದೆ. ಎಚಿಂಗ್‌ಗೆ ಮಸಿ ಹಚ್ಚುವುದೂ ಹೀಗೇ ತಾನೇ?

ತಾಮ್ರದ ತಗಡು, ಶಿರಸಿ

ಅಕ್ಕೋರೇ, ಇದಕ್ಕಿಂತ ಚೆಂದ ಹೇಳುವುದು ಸಾಧ್ಯವಿಲ್ಲ. ಹಾಗೇ. ನಾವು ಮಸಿಯನ್ನು ತಗಡಿಗೆಲ್ಲಾ ಬಳಿದು, ಗಂಜಿ ಹಾಕಿದ ತೆಳು ಜಾಲರಿ ಬಟ್ಟೆಯಿಂದ ಸುತ್ತಿ ಸುತ್ತಿ ಒರೆಸುತ್ತೇವೆ. ಕೊನೆಯಲ್ಲಿ ಅಂಗೈಗೆ ಚಾಕ್ ಪುಡಿ ಸವರಿಕೊಂಡು ಬರೀ ಕೈಯಿಂದ. ಆ ಸದ್ದು ಕೇಳಬೇಕು ನೀವು. ಮೊದಲು ಪಚಪಚ ಅನ್ನುತ್ತದೆ. ಮಸಿ ಕಡಿಮೆ ಆದ ಹಾಗೆ ಸದ್ದು ಸಣ್ಣಗಾಗಿ, ಕೊನೆಗೆ ರೇಷ್ಮೆ ಉಜ್ಜಿದ ಹಾಗೆ ಆಗುತ್ತದೆ. ಸದ್ದು ಕೇಳಿಯೇ ನಿಲ್ಲಿಸಬೇಕು. ಒಂದು ಸಲ ಜಾಸ್ತಿ ಒರೆಸಿದರೆ ಆಕಾಶದ ಗಾಳಿಯೇ ಹೋಗಿಬಿಡುತ್ತದೆ. ನೆನೆಸಿ ನೀರು ಆರಿಸಿದ ಕಾಗದ ಅದರ ಮೇಲೆ, ಕಾಗದದ ಮೇಲೆ ದಪ್ಪ ಕಂಬಳಿ, ಎರಡು ಉರುಳೆಗಳ ನಡುವೆ ಪ್ರೆಸ್ಸು. ಕಾಗದ ಗೀರಿನೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಚಿತ್ರ ಎಡಬಲ ತಿರುಗಿ ಬರುತ್ತದೆ. ರೆಂಬ್ರಾಂಟ್ ತಗಡಿನ ಮೇಲೆ ಆ ಮರಗಳನ್ನು ಬರೆದದ್ದು ಎಡಗಡೆ.

ಬೆಟ್ಟದ ಮನೆ, ಶಿರಸಿ ತಾಲೂಕು

ನಾನು ಅಡಿಕೆ ತೋಟದವನು. ಕಲೆಯ ಬಗ್ಗೆ ಓದಿಲ್ಲ. ಚಿತ್ರವನ್ನು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ನೋಡಿದೆ. ನನಗೆ ಮೊದಲು ಕಂಡದ್ದು ಮೂರು ಅಲ್ಲ. ಬಯಲು. ಇಷ್ಟು ದೊಡ್ಡ ಬಯಲಿನಲ್ಲಿ ಮೂರೇ ಮರ ಯಾಕೆ ಉಳಿದವು ಅಂತ.

ನಮ್ಮ ಕಡೆ ಹಾಗೆ ಮರ ಒಂಟಿಯಾಗಿ ನಿಂತಿದ್ದರೆ ಎರಡೇ ಕಾರಣ. ಒಂದು, ಬುಡದಲ್ಲಿ ಚೌಡಿಯೋ ಜಟಗನೋ ಇದ್ದಾನೆ, ಕೊಡಲಿ ಹಾಕುವ ಧೈರ್ಯ ಯಾರಿಗೂ ಇಲ್ಲ. ಇನ್ನೊಂದು, ಸುತ್ತಲಿನದೆಲ್ಲಾ ಕಡಿದು ಆಗಿದೆ. 1983ರ ಸೆಪ್ಟೆಂಬರ್ 8ರಂದು ಸಲ್ಕಣಿ ಕಡೆಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಅಂದು. ನಾನು ಆಗ ಹೈಸ್ಕೂಲು. ಅಪ್ಪ ಹೋಗಿದ್ದರು. ಬಂದಮೇಲೆ ಅಪ್ಪ ಚಳವಳಿಯ ಮಾತು ಜಾಸ್ತಿ ಆಡಲಿಲ್ಲ. ಮತ್ತಿ ಮರದ ತೊಗಟೆ ಎದೆಗೆ ಒತ್ತಿದ್ದು ಹೇಗಿತ್ತು ಅನ್ನುವುದನ್ನೇ ಹೇಳಿದರು. ಮೊಸಳೆ ಚರ್ಮದ ಹಾಗೆ ಒರಟು, ಒಳಗೆ ತಂಪು.

ಹಾಗಾಗಿ ನನಗೆ ಈ ಮೂರು ಮರ ಯಾವುದರ ಗುರುತೂ ಅಲ್ಲ. ಅವು ಉಳಿದ ಮರಗಳು. ಉಳಿದದ್ದನ್ನು ಒಬ್ಬ ಮನುಷ್ಯ ಹೊತ್ತು ಕೊಟ್ಟು ನೋಡಿದ್ದಾನೆ.

ತಾಮ್ರದ ತಗಡು, ಶಿರಸಿ

ಬೆಟ್ಟದ ಮನೆ ಹೆಗಡೇರೇ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೂ ಹೇಳಬೇಕು. ಹಾಲೆಂಡ್‌ನ ಆ ಭಾಗ ನೀರು ತಡೆದು, ಕಾಲುವೆ ತೋಡಿ ಮಾಡಿಕೊಂಡ ತಗ್ಗು ನೆಲ. ಅಲ್ಲಿಯ ಜನಕ್ಕೆ ಬಯಲು ಅಂದರೆ ಕಾಡು ಹೋದ ಜಾಗ ಅಲ್ಲ, ನೀರಿನಿಂದ ಗೆದ್ದ ಜಾಗ. ದನ ಮೇಯುತ್ತಿವೆ ನೋಡಿ. ನಮ್ಮ ನೋವನ್ನು ಅದರ ಮೇಲೆ ಇಟ್ಟರೆ ಶಿಲುಬೆ ಇಟ್ಟ ಹಾಗೇ ಆಗುತ್ತದಲ್ಲವೇ?

ಪಾಚಿ ಹಿಡಿದ ಮರ ನೋಡಬೇಕಾದರೆ ಹರ್ಕ್ಯುಲಿಸ್ ಸೆಘರ್ಸ್ ಅಂತ ರೆಂಬ್ರಾಂಟ್‌ಗಿಂತ ಮೊದಲಿನವನೊಬ್ಬ ಇದ್ದ. ಅವನ ಒಂದು ಮರದ ಎಚಿಂಗ್ ಇದೆ. ಕೊಂಬೆಯಿಂದ ಪಾಚಿ ಜೋತು ಬಿದ್ದ ಒಂಟಿ ಮರ, ಬಣ್ಣದಲ್ಲಿ ಮುದ್ರಿಸಿದ್ದು. ಜಗತ್ತಿನಲ್ಲಿ ಉಳಿದಿರುವುದು ಒಂದೇ ಪ್ರತಿ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ. ಮೊದಲ ಸಲ ನೋಡಿದಾಗ ನನಗೆ ಆಗಸ್ಟ್‌ನ ದೇವಿಮನೆ ಘಾಟಿ ಅನ್ನಿಸಿತ್ತು. ಸೆಘರ್ಸ್‌ನ ಒಂದು ತಗಡನ್ನು ರೆಂಬ್ರಾಂಟ್ ಪಡೆದು, ಅದರ ಒಂದು ಭಾಗ ಕೆರೆದು ತನ್ನ ಚಿತ್ರ ಮಾಡಿದ್ದಾನೆ. ಅಷ್ಟು ಇಷ್ಟ ಅವನಿಗೆ.

ದೋಣಿಮನೆ, ಬೈತಕೋಲ

ಮಳೆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಹೇಳುತ್ತೇನೆ. ಮಳೆ ಹೋಗುತ್ತಿದೆ.

ಎಡಗಡೆ ಕೆಳಗೆ ನೀರಿನ ಅಂಚಿನಲ್ಲಿ ಒಬ್ಬ ಗಾಳ ಹಾಕಿ ಕೂತಿದ್ದಾನೆ. ಪಕ್ಕದಲ್ಲಿ ಒಬ್ಬ ಹೆಂಗಸು. ಬಿರುಮಳೆ ಮೈಮೇಲೆ ಬರುವಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಳ ಹಿಡಿಯುವವರು ಯಾರೂ ಇಲ್ಲ. ಮೇಲೆ ದಿಬ್ಬದ ಮೇಲೆ ಗಾಡಿಯಲ್ಲಿ ಜನ ಹೋಗುತ್ತಿದ್ದಾರೆ. ಅಲ್ಲೇ ಒಬ್ಬ ಕೂತು ಚಿತ್ರ ಬರೆಯುತ್ತಿದ್ದಾನೆ. ಮಳೆ ಬರುವ ಲಕ್ಷಣ ಇದ್ದರೆ ಕಾಗದ ಹಿಡಿದುಕೊಂಡು ಎತ್ತರದಲ್ಲಿ ಕೂರುತ್ತಾರಾ? ಆಕಾಶ ನೋಡಿ ಹೇಳಲು ನನಗೂ ಆಗುತ್ತಿಲ್ಲ. ಜನರನ್ನು ನೋಡಿ ಹೇಳುತ್ತಿದ್ದೇನೆ.

ಅಘನಾಶಿನಿ ತೀರ

ಬೈತಕೋಲದ ಅಣ್ಣ, ನಮ್ಮ ಕಡೆ ಮೊದಲ ಮಳೆಗೆ ಮೀನು ಹೊಳೆಯಿಂದ ಗದ್ದೆಗೆ ಹತ್ತುತ್ತವೆ. ಆಗ ಎಂಥ ಮಳೆ ಇದ್ದರೂ ಜನ ಹೊರಗೇ. ಮೀನು ಹಿಡಿಯುವವನನ್ನು ನೋಡಿ ಮಳೆ ಹೋಯಿತು ಅನ್ನುವ ಹಾಗಿಲ್ಲ. ಆದರೆ ಚಿತ್ರ ಬರೆಯುವವನ ಮಾತು ಒಪ್ಪಿದೆ.

ಉಳಿಚಾಣ, ಶಿರಸಿ

ಈ ಗಾಳದವ, ಹೆಂಗಸು, ಗಾಡಿ, ಚಿತ್ರ ಬರೆಯುವವನು ಯಾರನ್ನೂ ನಾನು ಮೊದಲು ನೋಡಿಯೇ ಇರಲಿಲ್ಲ! ಮರಗಳೇ ಕಣ್ಣು ತುಂಬಿದ್ದವು.

ಅಂಕೋಲಾ ಗದ್ದೆಬಯಲು

ಶಿಲುಬೆ, ಸಾವು, ಕಾಡು ಎಲ್ಲಾ ಓದಿದೆ. ನನ್ನ ಮಾತು ಬೇರೆ. ನಮ್ಮ ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ 2020ರ ಪದ್ಮಶ್ರೀ ಬಂತು, ಎಲ್ಲರಿಗೂ ಗೊತ್ತು. ಓದು ಬರಹ ಇಲ್ಲದೆ ಕಾಡಿನ ಗಿಡಮರಗಳನ್ನೆಲ್ಲಾ ಬಲ್ಲವರಾಗಿದ್ದರು. ತಾಯಿಮರ ಯಾವುದು ಅಂತ ಗುರುತಿಸಿ ಅದರ ಬೀಜವನ್ನೇ ಆರಿಸುತ್ತಿದ್ದರು. ಒಂದು ಮರವನ್ನು ಎಷ್ಟು ವರ್ಷ ನೋಡಿದರೆ ಆ ಕಣ್ಣು ಬರುತ್ತದೆ! ರೆಂಬ್ರಾಂಟ್‌ಗೂ ಅಂಥ ಕಣ್ಣು ಇತ್ತು ಅಂತ ನಾನು ಅಂದುಕೊಳ್ಳುತ್ತೇನೆ. ಮೂರು ಮರದಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಹಟಕ್ಕೆ ಬಿದ್ದು ಸುಮ್ನೆ ಗುರುತಿಗೆ ಮೂರು ನಿಲ್ಲಿಸಿದ್ದರೆ ಒಂದೇ ಥರ ಬರೆಯುತ್ತಿದ್ದ.

ಇನ್ನೊಂದು. ನಮ್ಮ ಕಡಲ ಕರೆಯ ಗುಡಿಗಳಲ್ಲಿ ಕಾವಿ ಕಲೆ ಇದೆಯಲ್ಲ, ಶಿರಸಿ ಮಾರಿಕಾಂಬೆ ಗುಡಿಯ ಗೋಡೆಯಲ್ಲೂ ಇದೆ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಬರುತ್ತದೆ. ಮೇಣ ಕೆರೆದರೆ ತಾಮ್ರ ಕಂಡ ಹಾಗೇ ಅಲ್ವಾ? ಕಾರವಾರದ ಅಣ್ಣ, ಅಷ್ಟು ದೂರದ ಕೆಲಸ ಅಲ್ಲ ಇದು. ನಮ್ಮ ಗೋಡೆಯಲ್ಲೇ ಇದರ ಬಂಧು ಇದೆ.

ತಾಮ್ರದ ತಗಡು, ಶಿರಸಿ

ಕಾವಿ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಒಂದೇ ವ್ಯತ್ಯಾಸ, ಕಾವಿಯಲ್ಲಿ ಕೆರೆದದ್ದು ಬೆಳಕಾಗುತ್ತದೆ, ಎಚಿಂಗ್‌ನಲ್ಲಿ ಕೆರೆದದ್ದು ಕತ್ತಲಾಗುತ್ತದೆ. ಸೂಜಿ ಹಿಡಿದಾಗ ನಮಗೆ ಕಾಣುವುದು ಮಿಂಚುವ ಗೆರೆ. ಅದು ಕಾಗದಕ್ಕೆ ಬರುವಾಗ ಕಪ್ಪಾಗುತ್ತದೆ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಂಡೇ ಗೀರಬೇಕು.

ಈಗ ಕಾಳಿದಂಡೆ ಅಣ್ಣನಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮಲ್ಲಿ ಅಸಲಿ ಅಳತೆಯ ಪ್ರತಿ ಇದೆ. ಬಲಗಡೆ ಕೆಳಗೆ, ಮರಗಳ ಬುಡಕ್ಕಿಂತ ಕೆಳಗೆ, ಪೊದೆಗಳ ದಟ್ಟ ಕಪ್ಪು ಇದೆ. ಇಡೀ ಚಿತ್ರದ ತೀರಾ ಕಪ್ಪು ಭಾಗಗಳಲ್ಲಿ ಅದೂ ಒಂದು. ಆ ಕಪ್ಪಿನೊಳಗೆ ನೋಡಿ. ಏನು ಕಾಣುತ್ತದೆ ಅಂತ ನಾನು ಹೇಳುವುದಿಲ್ಲ. ಮೊಬೈಲ್‌ನಲ್ಲಿ ಬೇಡ, ಮಸೂರ ಹಿಡಿದು ನೋಡಿ.

ಕಾಳಿದಂಡೆ, ಕಾರವಾರ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಎರಡು ದಿನ ಕರೆಂಟ್ ಇರಲಿಲ್ಲ, ಉತ್ತರ ತಡವಾಯಿತು.

ಮಸೂರ ಹಿಡಿಯಲು ಚಿತ್ರವನ್ನು ಗೋಡೆಯಿಂದ ಇಳಿಸಿದೆ. ಹಿಂದೆ ನೋಡಿದರೆ ರಟ್ಟಿನ ಮೇಲೆ ಬೂಸ್ಟು. ಕಾಗದದ ಮೂಲೆಗೂ ಎರಡು ಕಂದು ಚುಕ್ಕೆ ಬಂದಿದೆ. ಫ್ರೇಮ್ ಹಾಕಿಕೊಟ್ಟ ಅಂಗಡಿಯವರು ಕಾಗದವನ್ನು ನೇರವಾಗಿ ಗಾಜಿಗೆ ತಾಗಿಸಿ, ಹಿಂದೆ ಸಾದಾ ರಟ್ಟು ಒತ್ತಿದ್ದರು. ನಮ್ಮ ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ತಗಡು ಅಕ್ಕ, ಇದಕ್ಕೇನು ಮಾಡಲಿ? ನಿಜಕ್ಕೂ ಹೊಟ್ಟೆಗೆ ಸಂಕಟವಾಯಿತು.

ತಾಮ್ರದ ತಗಡು, ಶಿರಸಿ

ಗಾಬರಿ ಬೇಡ. ಮೊದಲು ಫ್ರೇಮ್‌ನಿಂದ ಬಿಡಿಸಿ. ನೆರಳಲ್ಲಿ ಫ್ಯಾನ್ ಗಾಳಿಗೆ ಆರಲಿ, ಬಿಸಿಲಿಗೆ ಇಡಬೇಡಿ. ಬೂಸ್ಟನ್ನು ಮೆತ್ತನೆ ಒಣ ಬ್ರಷ್‌ನಿಂದ ಹಗುರವಾಗಿ ಸವರಿ ತೆಗೆಯಿರಿ, ಮನೆಯ ಹೊರಗೆ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಹೊಸ ಫ್ರೇಮ್‌ಗೆ ಆ್ಯಸಿಡ್ ಇಲ್ಲದ ರಟ್ಟು ಕೇಳಿ. ಗಾಜಿಗೂ ಕಾಗದಕ್ಕೂ ನಡುವೆ ಚೌಕಟ್ಟಿನ ರಟ್ಟು ಇರಲೇಬೇಕು, ಗಾಳಿ ಆಡಬೇಕು. ಫ್ರೇಮ್‌ನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ಚೂರು ಅಂಟಿಸಿ, ಗೋಡೆಗೆ ತಾಗಬಾರದು. ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ.

ಮಸೂರದ ವಿಷಯ ಏನಾಯಿತು?

ಹೊನ್ನಾವರ ಬಂದರು

ಸರ್, ನಾನೂ ಕಾಯುತ್ತಿದ್ದೇನೆ. ಮೊಬೈಲ್‌ನಲ್ಲಿ ಬರೀ ಕಪ್ಪು ಕಾಣುತ್ತಿದೆ.

ಕಾಳಿದಂಡೆ, ಕಾರವಾರ

ಇವತ್ತು ಮಧ್ಯಾಹ್ನ ಮಳೆ ಒಂದು ತಾಸು ಬಿಟ್ಟಿತ್ತು. ಚಿತ್ರವನ್ನು ಮೇಜಿನ ಮೇಲೆ ಇಟ್ಟು, ಕಿಟಕಿಯ ಬೆಳಕಿಗೆ ಪೇಪರ್ ಓದುವ ಮಸೂರ ಹಿಡಿದೆ. ಮೊದಲು ಬರೀ ಗೀರು. ಗೀರಿನ ಮೇಲೆ ಗೀರು. ಕಣ್ಣು ಸೋತು ಒಮ್ಮೆ ಎದ್ದುಹೋಗಿ ನೀರು ಕುಡಿದು ಬಂದೆ. ಎರಡನೇ ಸಲ ಕೂತಾಗ ಕಪ್ಪಿನ ನಡುವೆ ಒಂದು ಕಡೆ ಗೀರುಗಳ ದಿಕ್ಕು ಬೇರೆ ಇರುವುದು ಗೊತ್ತಾಯಿತು. ಅಲ್ಲೇ ಮಸೂರ ನಿಲ್ಲಿಸಿದೆ. ನಿಧಾನಕ್ಕೆ ಒಂದು ತಲೆ, ಅದರ ಪಕ್ಕಕ್ಕೇ ಒರಗಿದ ಇನ್ನೊಂದು ತಲೆ.

ಇಬ್ಬರು ಪ್ರೇಮಿಗಳು! ಪೊದೆಯೊಳಗೆ ಯಾರಿಗೂ ಕಾಣದ ಹಾಗೆ ಕೂತಿದ್ದಾರೆ. ಮೂರು ವರ್ಷ ದಿನಾ ನೋಡಿದ್ದೇನೆ, ನನಗೂ ಕಂಡಿರಲಿಲ್ಲ.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ಮಸೂರ ಬಿಡಲಿಲ್ಲ. ಆಮೇಲೆ ಮಸೂರವನ್ನು ಮೇಲಕ್ಕೆ ಸರಿಸಿ ಮರಗಳನ್ನು ನೋಡಿದಳು. ನಾನೂ ನೋಡಿದೆ. ಶಿಲುಬೆ ನೆನಪಾಗಲಿಲ್ಲ ಅಂತ ಹೇಳುವುದಿಲ್ಲ, ಹೊನ್ನಾವರದ ಅಣ್ಣ. ನೆನಪಾಯಿತು. ಅಕ್ಕೋರು ಹೇಳಿದ ಸಾಸ್ಕಿಯಾಳೂ ನೆನಪಾದಳು, ಹೆಗಡೇರ ಅಪ್ಪ ಅಪ್ಪಿಕೊಂಡ ಮತ್ತಿ ಮರವೂ ನೆನಪಾಯಿತು. ಆದರೆ ಈ ಸಲ ನೋಟ ಅಲ್ಲೇ ನಿಲ್ಲಲಿಲ್ಲ. ಗೀಚಿನ ಜೊತೆ ಮೇಲೆ ಹತ್ತಿ, ಕೊಂಬೆ ಹಿಡಿದು, ಎಲೆಗಳ ಅಂಚಿನವರೆಗೆ ಹೋಯಿತು. ಅಂಚಿನಲ್ಲಿ ಅವನು ಬಿಟ್ಟ ಬರೀ ಕಾಗದ.

ತಗಡು ಅಕ್ಕ, ದೀಪಾವಳಿಗೆ ಶಿರಸಿಗೆ ಬರುತ್ತೇವೆ, ಇಬ್ಬರೂ. ನಿಮ್ಮ ಕೊಟ್ಟಿಗೆಯಲ್ಲಿ ಆ ಒರೆಸುವ ಸದ್ದು ಕೇಳಬೇಕು.

ತಾಮ್ರದ ತಗಡು, ಶಿರಸಿ

ಖಂಡಿತ ಬನ್ನಿ ಅಣ್ಣ. ಅತ್ತಿಗೆಗೆ ಹೇಳಿ, ಹಳೇ ಸೀರೆ ಉಟ್ಟು ಬರಲಿ. ಒರೆಸುವುದನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ. ನಮ್ಮ ಮನೆ ಹಿಂದಿನ ಬೆಟ್ಟದ ಎರಡು ನಂದಿ, ಒಂದು ಹೊನ್ನೆ ಮರದ ತಗಡು ಅಷ್ಟರಲ್ಲಿ ತಯಾರಾಗಿರುತ್ತದೆ.